ನಲವತ್ತೊಂದರಲ್ಲಿ ಏಳು

ಬೆಳಿಗ್ಗೆ ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಗುರುಶಾಂತಮ್ಮ ಮಹಾರಾಷ್ಟ್ರದ ಗಡಿಯ ಚೆಕ್‌ಪೋಸ್ಟಿನಲ್ಲಿ ತಾಡಪತ್ರಿಯ ಚಪ್ಪರದ ಕೆಳಗೆ ನಿಂತು, ಎಡಗೈಯಲ್ಲಿ ಲಾರಿ ಡ್ರೈವರನ ಕೊರೋನಾ ರಿಪೋರ್ಟು ಹಿಡಿದುಕೊಂಡು, ಬಲಗೈ ಹೆಬ್ಬೆರಳಿನಿಂದ ಮೊಬೈಲಿನಲ್ಲಿ ನಲವತ್ತೊಂದು ಎಂದು ಒತ್ತಿದಳು. ತರಗತಿಯಲ್ಲಿರುವ ಮಕ್ಕಳು: ನಲವತ್ತೊಂದು. ಇಂದು ಫೋನಿನಲ್ಲಿ ಮಾತಾಡಿಸಿದ ಮಕ್ಕಳು: ನಲವತ್ತೊಂದು. ಮೊಬೈಲು ಹಸಿರು ಟಿಕ್ ತೋರಿಸಿ ಧನ್ಯವಾದ ಹೇಳಿತು. ಆ ದಿನ ಅವಳು ಒಂದೇ ಒಂದು ಮಗುವನ್ನೂ ಮಾತಾಡಿಸಿರಲಿಲ್ಲ. ಬೆಳಿಗ್ಗೆ ಆರರಿಂದ ಮಾತಾಡಿಸಿದ್ದು ಲಾರಿಯವರನ್ನು, ಜೀಪಿನವರನ್ನು, ಮತ್ತು ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು ಅವಳಿಗೇ ಕಾನೂನು ಕಲಿಸಿದ ಸೊಲ್ಲಾಪುರದ ಒಬ್ಬ ವಕೀಲನನ್ನು.

ಸುಳ್ಳು ಹೇಳುವ ಚಟ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು. ಮಗು ಮನೆಯಲ್ಲಿ ಪೆಟ್ಟು ತಿಂದು ಬಂದಿದೆಯೋ, ಉಪವಾಸ ಬಂದಿದೆಯೋ, ಮುಖ ನೋಡಿಯೇ ಹೇಳುತ್ತಿದ್ದಳು. ಅವಳ ಶಾಲೆ ಇರುವುದು ನಿಂಬರ್ಗಾದ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ತೊಗರಿ ಹೊಲಗಳ ನಡುವೆ ಮೂರು ಕಿಲೋಮೀಟರು ಒಳಗೆ. ಊರ ಹೆಸರು ಬೇಡ. ಹೇಳಿದರೆ ಆ ಬಡ ಶಾಲೆಗೆ ಇನ್ನೊಂದು ನೋಟಿಸು ಹೋದೀತು. ಕೊರೋನಾ ಬಂದು ಶಾಲೆಗೆ ಬೀಗ ಬಿದ್ದ ವರ್ಷ, ದಿನಾ ಮಕ್ಕಳಿಗೆ ಫೋನು ಮಾಡಿ ಪಾಠ ವಿಚಾರಿಸಬೇಕು, ಎಷ್ಟು ಮಕ್ಕಳು ಸಿಕ್ಕರೆಂದು ಹನ್ನೊಂದು ಗಂಟೆಯೊಳಗೆ ಮೊಬೈಲಿನಲ್ಲಿ ತುಂಬಬೇಕು ಎಂದು ಆದೇಶ ಬಂತು. ಮೊದಲ ದಿನ ಅವಳು ಇದ್ದದ್ದನ್ನು ಇದ್ದ ಹಾಗೆ ತುಂಬಿದಳು. ಏಳು. ಹಗಲಲ್ಲಿ ಮನೆಯಲ್ಲಿ ಫೋನು ಇರುತ್ತಿದ್ದದ್ದು ಏಳೇ ಮಕ್ಕಳಿಗೆ. ತುಂಬಿದ್ದೇ ತಡ, ಉಳಿದ ಮೂವತ್ತನಾಲ್ಕು ಮಕ್ಕಳಿಗೆ ಒಂದೊಂದು ಬೇರೆ ನಮೂನೆ ತೆರೆದುಕೊಂಡಿತು. ಒಂದೊಂದರಲ್ಲೂ ಹದಿನಾಲ್ಕು ಕಾಲಮ್ಮು. ಯಾಕೆ ಸಿಗಲಿಲ್ಲ, ಸಿಗಲು ನೀವೇನು ಮಾಡಿದಿರಿ, ಮಾಡಿದ್ದಕ್ಕೆ ಫೋಟೋ ಎಲ್ಲಿ. ಸಂಜೆಯವರೆಗೆ ತುಂಬಿದರೂ ಅರ್ಧ ಮುಗಿಯಲಿಲ್ಲ.

ಆ ಸಂಜೆ ಚಂದ್ರಾಮಪ್ಪ ಫೋನು ಮಾಡಿದ. ಸುತ್ತಲಿನ ಹದಿನೆಂಟು ಶಾಲೆಗಳ ಲೆಕ್ಕಪತ್ರ ಕೂಡಿಸಿ ಮೇಲಕ್ಕೆ ಕಳಿಸುವ ಹುದ್ದೆ ಅವನದು. ಜನ ಸಿಆರ್‌ಪಿ ಅನ್ನುತ್ತಾರೆ. ತಾನೂ ಮೊದಲು ಮೇಷ್ಟ್ರಾಗಿದ್ದವನು, ಒಳ್ಳೆಯವನು, ಆದರೆ ಮೇಲಿನವರ ಕಾರಿನ ಸದ್ದಿಗೇ ಬೆವರುವವನು. "ಪೂರಾ ಹಾಕಿಬಿಡ್ರಿ ಮೇಡಂ" ಎಂದು ಪಿಸುಗುಟ್ಟಿದ. "ಪೂರಾ ಹಾಕಿದ್ರ ಯಾರೂ ತಿರುಗಿ ಕೇಳಂಗಿಲ್ಲ. ಎಲ್ಲಾರೂ ಹಂಗೇ ಮಾಡಾಕತ್ತಾರ. ಪೀಡಾ ಹೋಗ್ಲಿ."

ಮರುದಿನ ಅವಳು ನಲವತ್ತೊಂದು ಹಾಕಿದಳು. ಹದಿನಾಲ್ಕು ಕಾಲಮ್ಮಿನ ಪೀಡೆ ಹೋಯಿತು. ಆದರೆ ಬೇರೆ ಪೀಡೆಗಳು ಒಂದರ ಹಿಂದೊಂದು ಬಂದವು. ಮನೆಮನೆ ಸಮೀಕ್ಷೆ. ಪುಣೆ, ಮುಂಬೈಯಿಂದ ತಿರುಗಿ ಬಂದವರನ್ನು ಶಾಲೆಯಲ್ಲೇ ಇರಿಸಿದಾಗ ಅವರ ಊಟ, ಅವರ ಬೈಗುಳ. ನಡುವೆ ಎರಡು ತಿಂಗಳು ಶಾಲೆ ತೆರೆದು ಮತ್ತೆ ಮುಚ್ಚಿತು. ಲಸಿಕೆ ಬಂದಾಗ ಮನೆ ಬಾಗಿಲಿಗೆ ಹೋಗಿ ಜನರ ಕೈಕಾಲು ಹಿಡಿಯುವ ಕೆಲಸ. ಎರಡನೇ ಅಲೆಯಲ್ಲಿ ಗೊತ್ತಿದ್ದ ಮೂವರು ಮೇಷ್ಟ್ರು ಸತ್ತರು. ಅವರ ಫೋಟೋಗಳು ವಾಟ್ಸಾಪ್ ಗುಂಪಿಗೆ ಬಂದವು. ಕೆಳಗೇ 'ಇಂದಿನ ವರದಿ ಬಾಕಿ ಇರುವ ಶಾಲೆಗಳು' ಎಂಬ ಪಟ್ಟಿಯೂ ಬಂತು. ಗುರುಶಾಂತಮ್ಮನಿಗೆ ಅಳಬೇಕು ಅನ್ನಿಸಿತು, ಆದರೆ ಗಂಟೆ ಹತ್ತೂ ಐವತ್ತಾಗಿತ್ತು. ಮೊದಲು ನಲವತ್ತೊಂದು ಒತ್ತಿದಳು. ಒತ್ತಿ ಮುಗಿಸಿದ ಮೇಲೆ ಅಳು ಬರಲೇ ಇಲ್ಲ.

ಈಗ ಆಷಾಢ. ಮೂರನೇ ಅಲೆ ಬರುತ್ತದೆಂದು ಟೀವಿಯವರು ಹೆದರಿಸುತ್ತಿದ್ದರು, ಗಡಿಯ ಡ್ಯೂಟಿ ಮತ್ತೆ ಬಿದ್ದಿತ್ತು. ವಾರಕ್ಕೆ ಆರು ದಿನ, ಬೆಳಿಗ್ಗೆ ಆರರಿಂದ ಎರಡು. ರಾತ್ರಿ ಹಾಸಿಗೆಗೆ ಬಿದ್ದರೆ ಕಣ್ಣು ಮುಚ್ಚುತ್ತಿತ್ತು, ತಲೆ ಮುಚ್ಚುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಡ ವಿಶ್ವಾರಾಧ್ಯ ಕಾಳಿನ ಅಡತಿ ಅಂಗಡಿಯಿಂದ ಊಟಕ್ಕೆ ಬಂದು ಬಾಗಿಲು ಬಡಿದಾಗ, ತೂಕಡಿಸುತ್ತಿದ್ದವಳು ಎದ್ದು ಬಾಗಿಲಿಗೆ ಅಡ್ಡ ನಿಂತು, "ರಿಪೋರ್ಟ್ ತೋರಸ್ರಿ" ಅಂದಳು.

ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಮರುದಿನವೇ ಕಲಬುರ್ಗಿಗೆ ಕರೆದುಕೊಂಡು ಹೋದ. ಡಾಕ್ಟರು ಬಿಪಿ ನೋಡಿ, ಎರಡು ಪ್ರಶ್ನೆ ಕೇಳಿ, ಹದಿನೈದು ದಿನ ಪೂರ್ಣ ವಿಶ್ರಾಂತಿ ಎಂದು ಬರೆದುಕೊಟ್ಟರು. ಗುರುಶಾಂತಮ್ಮ ಆ ಚೀಟಿ ಲಗತ್ತಿಸಿ ರಜೆಗೆ ಅರ್ಜಿ ಹಾಕಿದಳು. ನಾಲ್ಕನೇ ದಿನ ಅರ್ಜಿ ತಿರುಗಿ ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದಿತ್ತು: ಜ್ವರ ಇಲ್ಲ, ಪಾಸಿಟಿವ್ ಇಲ್ಲ, ದಣಿವು ಕಾಯಿಲೆಯಲ್ಲ.

"ಪಾಸಿಟಿವ್ ಬರ್ಸಿಕೊಂಡು ಬಾ ಅಂತಾರೇನ್ರಿ ಮತ್ತ?" ಎಂದು ಅವಳು ಚೆಕ್‌ಪೋಸ್ಟಿನಲ್ಲಿ ಶರಫುದ್ದೀನನಿಗೆ ಕೇಳಿದಳು. ಪಕ್ಕದ ಊರಿನ ಗಣಿತದ ಮೇಷ್ಟ್ರು ಅವನು, ಅದೇ ಪಾಳಿಯವನು. ಎರಡನೇ ಅಲೆಯಲ್ಲಿ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದು ಬದುಕಿ ಬಂದವನು. ಅಂದಿನಿಂದ ಅವನಿಗೆ ಯಾರ ಜೊತೆಗೂ ತಕರಾರು ಬೇಡವಾಗಿತ್ತು.

"ನಾ ಬರ್ಸಿಕೊಂಡಿದ್ದೆ ಮೇಡಂ. ಖಾಸ್ ಏನ್ ಮಜಾ ಇಲ್ಲ ಅದ್ರಾಗ" ಅಂದ. "ಆಸ್ಪತ್ರಿದಾಗ ಮಲಗಿದಾಗೂ ನಮ್ಮ ಮನಿಯಾಕಿ ಗೌಸಿಯಾ ನನ್ನ ಮೊಬೈಲ್ ತಗೊಂಡು ದಿನಾ ಐವತ್ಮೂರು ಹಾಕ್ಯಾಳ. ನಾ ಸತ್ತಿದ್ರೂ ಒಂದ್ ವಾರ ನಮ್ಮ ಸಾಲಿ ನೂರಕ್ಕ ನೂರು ನಡೀತಿತ್ತು."

ಇಬ್ಬರೂ ನಕ್ಕರು. ನಗಬಾರದ ಮಾತಿಗೆ ನಗುವುದು ಆ ಎರಡು ವರ್ಷದಲ್ಲಿ ಮೇಷ್ಟ್ರುಗಳಿಗೆಲ್ಲ ರೂಢಿಯಾಗಿಬಿಟ್ಟಿತ್ತು.

ಹಸಿರು ಟಿಕ್ ಬಂದ ಆ ದಿನ, ಲಾರಿಯ ಹಿಂದೆ ಮೂರು ಗಾಲಿಯ ಒಂದು ಟಂಟಂ ಗಾಡಿ ಬಂದು ನಿಂತಿತು. ಗಡಿಯಾಚೆಯ ಸೋಯಾ ಹೊಲಗಳಿಗೆ ಕಳೆ ತೆಗೆಯಲು ಹೊರಟ ಹೆಂಗಸರು, ಒಬ್ಬರ ಮೇಲೊಬ್ಬರು. ಸೆರಗೇ ಮಾಸ್ಕು. ಗುರುಶಾಂತಮ್ಮ ಮೊಬೈಲು ಕೈಯಲ್ಲಿ ಹಿಡಿದುಕೊಂಡೇ ಬಳಿಗೆ ಹೋಗಿ ಹೆಸರು ಬರೆದುಕೊಳ್ಳತೊಡಗಿದಳು. ಹಿಂದಿನ ಹಲಗೆಯ ಮೇಲೆ ಕಳೆ ಕೀಳುವ ಕುರುಪಿ ಹಿಡಿದು ಕುಳಿತಿದ್ದ ಒಬ್ಬ ಹುಡುಗಿ ಮುಖದ ಬಟ್ಟೆ ಸರಿಸಿ, ಕಣ್ಣರಳಿಸಿ, "ಟೀಚರ್!" ಅಂದಳು.

ಗುರುಶಾಂತಮ್ಮ ನೋಡಿದಳು. ಮುಖ ಗೊತ್ತಿತ್ತು. ಹೆಸರು ಬರಲಿಲ್ಲ. "ಯಾವ ಊರವ್ವ ನಿಂದು?" ಎಂದು ಕೇಳಿದಳು.

ಹುಡುಗಿಯ ಮುಖ ಬಾಡಿತು. "ನಾನ್ರಿ ಟೀಚರ್. ಸೃಷ್ಟಿ. ನಿಮ್ಮ ಏಳನೇ ಕ್ಲಾಸಿನ ಸೃಷ್ಟಿ."

ಪಕ್ಕದಲ್ಲಿದ್ದ ತಾಯಿ ಸುಮಿತ್ರಾಬಾಯಿ ಮಗಳ ತೋಳು ಹಿಡಿದು, "ಇರ್ಲಿ ಬಿಡ ಬೇ, ಅವ್ರಿಗೆ ಎಷ್ಟು ಮಂದಿ ನೆಪ್ಪಿರಬೇಕು" ಅಂದಳು. ಟಂಟಂ ಮುಂದಕ್ಕೆ ಹೋಯಿತು. ಗುರುಶಾಂತಮ್ಮ ರಸ್ತೆಯ ನಡುವೆ ನಿಂತೇ ಇದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಂದು ಮಗುವಿನ ಹೆಸರು ಮರೆತದ್ದಿಲ್ಲ. ಮದುವೆಯಾಗಿ ಮಕ್ಕಳನ್ನು ಎತ್ತಿಕೊಂಡು ಬಂದವರ ಹೆಸರನ್ನೂ ಕೂಗಿ ಕರೆದವಳು. ಈ ಸೃಷ್ಟಿಯನ್ನು ಮಾತಾಡಿಸಿದ್ದೇನೆ ಎಂದು ಐದು ನಿಮಿಷದ ಕೆಳಗೆ ಒತ್ತಿದ್ದಳು. ನಿನ್ನೆಯೂ ಒತ್ತಿದ್ದಳು, ಹೋದ ವರ್ಷವೂ. ಅವಳಿಗೆ ಭಯವಾಯಿತು. ಕೊರೋನಾಕ್ಕೂ ಅಷ್ಟು ಹೆದರಿರಲಿಲ್ಲ.

ಮರುದಿನ ಲಾರಿಗಳ ನಡುವೆಯೇ ಫೋನು ಇದ್ದ ಏಳು ಮಕ್ಕಳನ್ನು ಮಾತಾಡಿಸಿ, ಹನ್ನೊಂದರೊಳಗೆ ಅವಳು ಏಳು ಎಂದು ಒತ್ತಿದಳು. ಮೂವತ್ತನಾಲ್ಕು ನಮೂನೆ ತೆರೆದುಕೊಂಡವು. ಒಂದನ್ನೂ ಮುಟ್ಟಲಿಲ್ಲ.

ಹನ್ನೊಂದೂ ಹತ್ತಕ್ಕೆ ಚಂದ್ರಾಮಪ್ಪನ ಫೋನು ಬಂತು. "ಮೇಡಂ, ಕೈ ತಪ್ಪ್ಯಾದ ನಿಮ್ದು. ನಲವತ್ತೊಂದು ಬಿಟ್ಟು ಏಳು ಒತ್ತೀರಿ."

"ತಪ್ಪಿಲ್ರಿ. ಏಳೇ."

"ಅಯ್ಯ, ಎದಕ್ಕ ಬೇಕ್ರಿ ಇದು? ಇಡೀ ಕ್ಲಸ್ಟರ್, ಹದಿನೆಂಟೂ ಸಾಲಿ, ನೂರಕ್ಕ ನೂರು ಅದ. ನಿಮ್ಮೊಬ್ಬರ ಸಲುವಾಗಿ ತೊಂಬತ್ತೈದೇನೋ ಆಗ್ತದ. ನನಗ ಮೊದಲು ಹಿಡೀತಾರ."

"ಚಂದ್ರಾಮಪ್ಪ ಸರ್, ಒಂದು ಹೇಳ್ರಿ ನಂಗ. ನನಗ ಪಾಠ ಮಾಡೋ ಕೆಲಸ ಅದ. ಅದು ಬಿಟ್ಟು ಎಲ್ಲಾ ಡ್ಯೂಟಿ ನಮ್ಗೇ ಯಾಕ್ರಿ? ತಿಂಗಳುಗಟ್ಟಲೆ ಬಾರ್ಡರದಾಗ ನಿಂದ್ರಿಸೀರಿ."

ಅವನು ಗಡಿ ಡ್ಯೂಟಿಯ ಆದೇಶ ಹುಡುಕಿದ. ಕಾಗದ ಸರಿಸಿದ ಸದ್ದಾಯಿತು, ಅದರ ಮೊದಲ ಸಾಲನ್ನು ಓದಿ ಹೇಳಿದ: 'ಎಲ್ಲ ಮಕ್ಕಳ ಸಂಪರ್ಕ ಕಾರ್ಯವು ಪ್ರತಿದಿನ ಬೆಳಿಗ್ಗೆ ಹನ್ನೊಂದರೊಳಗೆ ಶೇಕಡಾ ನೂರರಷ್ಟು ಪೂರ್ಣಗೊಳ್ಳುತ್ತಿರುವುದರಿಂದ, ಸದರಿ ಶಿಕ್ಷಕರ ಸೇವೆಯನ್ನು ಇತರೆ ಕರ್ತವ್ಯಗಳಿಗೆ ಬಳಸಿಕೊಳ್ಳಲು ಅಡ್ಡಿ ಇರುವುದಿಲ್ಲ.'

ಗುರುಶಾಂತಮ್ಮ ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು ಕುಳಿತಳು. ಒಂದು ವರ್ಷದಿಂದ ದಿನಾ ಬೆಳಿಗ್ಗೆ, ತನ್ನ ಹೆಬ್ಬೆರಳಿನಿಂದಲೇ, ನಾನು ಖಾಲಿ ಇದ್ದೇನೆ, ನನ್ನನ್ನು ಎಲ್ಲಿಗಾದರೂ ಅಟ್ಟಿ ಎಂದು ಬರೆದು ಕಳಿಸುತ್ತಿದ್ದಳು. ಅವಳೊಬ್ಬಳೇ ಅಲ್ಲ, ಹದಿನೆಂಟೂ ಶಾಲೆಯವರು. ಪೀಡೆ ಕಳೆದುಕೊಳ್ಳಲು ಹೇಳಿದ ಸುಳ್ಳನ್ನೇ ಹಿಡಿದು ಮೇಲಿನವರು ಇವರನ್ನು ನೊಗಕ್ಕೆ ಕಟ್ಟಿದ್ದರು. ಸಿಟ್ಟು ಅವರ ಮೇಲೆ ಎಷ್ಟು ಬಂತೋ ತನ್ನ ಮೇಲೂ ಅಷ್ಟೇ ಬಂತು.

ಅವಳು ಮರುದಿನವೂ ಏಳು ಹಾಕಿದಳು. ಅದರ ಮರುದಿನವೂ. ವಿಶ್ವಾರಾಧ್ಯ, "ನೌಕರಿಗೆ ಏನರೆ ಕುತ್ತು ಬರ್ತದೇನ?" ಎಂದು ಕೇಳಿದ. "ಬಂದ್ರ ಬರ್ಲಿ. ತಲಿ ಹೋಗಾಕತ್ತದ್ರಿ ನಂದು, ನೌಕರಿ ಇಟಗೊಂಡು ಏನ್ ಮಾಡ್ಲಿ?" ಅಂದಳು.

ಆರನೇ ದಿನ ಆಳಂದದಲ್ಲಿ ಪರಿಶೀಲನಾ ಸಭೆ. ಒಂದು ಕಲ್ಯಾಣ ಮಂಟಪದಲ್ಲಿ ಕುರ್ಚಿ ದೂರದೂರ ಹಾಕಿದ್ದರು. ಮೇಲಿನಿಂದ ಸಾಹೇಬರು ಬಂದಿದ್ದರು. ಎಷ್ಟು ಮೇಲಿನಿಂದ ಎಂದು ಕೇಳಬೇಡಿ, ಅವರು ಒಳಗೆ ಬಂದಾಗ ಫ್ಯಾನು ಕೂಡ ಅವರ ಕಡೆಗೇ ತಿರುಗಿತು. ಚಂದ್ರಾಮಪ್ಪ ಪಟ್ಟಿ ಹಿಡಿದು ಅವರ ಪಕ್ಕ ನಿಂತಿದ್ದ. ಒಂದೊಂದೇ ಶಾಲೆಯ ಹೆಸರು ಕರೆದರು. ಎದ್ದು ನಿಂತವರು ನೂರಕ್ಕೆ ನೂರು ಅಂದರು, ಕುಳಿತರು. ಮೂರನೆಯದೇ ಗುರುಶಾಂತಮ್ಮನ ಶಾಲೆ.

"ನಲವತ್ತೊಂದರಾಗ ಏಳು" ಅಂದಳು.

ಹಿಂದಿನ ಸಾಲಿನಿಂದ ಶರಫುದ್ದೀನ ಕುಳಿತುಕೊಳ್ಳಿ ಎಂದು ಕೈಸನ್ನೆ ಮಾಡಿದ. ಅವಳು ನೋಡಿಯೂ ನೋಡದ ಹಾಗೆ ನಿಂತಳು.

ಸಾಹೇಬರಿಗೆ ಸಿಟ್ಟು ಬರಲಿಲ್ಲ, ಅದೇ ಅವರ ಜಾಣತನ. ಕಡತದಿಂದ ಒಂದು ಕಾಗದ ಎಳೆದು ಮೇಜಿನ ಮೇಲಿಟ್ಟರು. ಅವಳದೇ ರಜೆಯ ಅರ್ಜಿ. ಎರಡನೇ ಸಲ ಕಳಿಸಿದ್ದು. "ನಿಮ್ಗ ದಣಿವಾಗ್ಯಾದ ಮೇಡಂ. ನನಗ ತಿಳೀತದ" ಎಂದರು ಮೆತ್ತಗೆ. "ದಣಿವಿನ್ಯಾಗ ಅಂಕಿ ತಪ್ಪಾಗ್ತಾವ. ಬರ್ರಿ ಇಲ್ಲಿ. ಆರು ದಿನದ್ದು ತಿದ್ದಿ ಸಹಿ ಮಾಡ್ರಿ. ನಾ ಇದಕ್ಕ ಸಹಿ ಮಾಡ್ತೇನಿ. ನಾಳಿಂದ ಹದಿನೈದು ದಿನ ಆರಾಮಾಗಿ ಮಲಗ್ರಿ."

ಅವಳು ಮೇಜಿನ ಹತ್ತಿರ ಹೋದಳು. ಪೆನ್ನು ಕೈಗೆ ಬಂತು. ಸುಳ್ಳು ಯಾಕೆ ಹೇಳಬೇಕು, ಆ ಕ್ಷಣ ಅವಳಿಗೆ ಬರೆದುಬಿಡಬೇಕು ಅನ್ನಿಸಿತು. ಹದಿನೈದು ದಿನ. ಅಲಾರಾಂ ಇಲ್ಲ, ತಾಡಪತ್ರಿ ಇಲ್ಲ. ಏಳನ್ನು ಹೊಡೆದು ಆರು ಸಲ ನಲವತ್ತೊಂದು ಎಂದು ಬರೆದರೆ ಮುಗಿಯಿತು. ತನ್ನ ಶಾಲೆಯ ಪಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಪಟ್ಟಿಯಲ್ಲಿ ನಲವತ್ತೊಂದು ಮಕ್ಕಳ ಹೆಸರೂ ಎದುರಿಗೆ ಫೋನ್ ನಂಬರೂ ಇದ್ದವು. ಹೆಸರುಗಳನ್ನು ಓದಿದಳು. ಪೀರಪ್ಪ. ಸೈದಪ್ಪನ ಮಗ ಸುನೀಲಕುಮಾರ. ಬಿಲಾಲ. ಒಬ್ಬೊಬ್ಬರ ಮುಖ ನೆನಪಿಸಿಕೊಳ್ಳಲು ತಡಕಾಡಬೇಕಾಯಿತು. ಪೆನ್ನು ಕೆಳಗಿಟ್ಟಳು.

"ಸಾಹೇಬ್ರ, ನಲವತ್ತೊಂದು ಖರೆ ಅಂತೀರಿ ಅಂದ್ರ, ಇಗೋ ನಂಬರ್ ಅವ. ನೀವೇ ಹಚ್ರಿ ಫೋನ್. ಎಲ್ಲಾರೂ ಸಿಕ್ರ ಈ ಅರ್ಜಿ ನಾನೇ ಹರದು ಹಾಕ್ತೇನಿ."

"ನನಗೇನ್ ಬ್ಯಾರೆ ಕೆಲಸ ಇಲ್ಲೇನ್ರಿ?"

"ನನಗೂ ಅದ್ರಿ. ಆದ್ರೂ ದಿನಾ ಹಚ್ಚಬೇಕು ಅಂತ ನಿಮ್ದೇ ಆರ್ಡರ್ ಅದ."

ಯಾರೋ ಹಿಂದೆ ಕೆಮ್ಮಿ ನಗು ಮುಚ್ಚಿಕೊಂಡರು. ಅರವತ್ತು ಜನ ನೋಡುತ್ತಿದ್ದರು. ಸಾಹೇಬರು ಮರ್ಯಾದೆಗೆ ಬಿದ್ದರು, ಮೊಬೈಲು ತೆಗೆದು ಸ್ಪೀಕರ್ ಹಾಕಿ ಮೊದಲ ನಂಬರು ಒತ್ತಿದರು. ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಹೆಣ್ಣು ದನಿ ಹೇಳಿತು. ಎರಡನೆಯದು ಸೈದಪ್ಪನದು. "ನಾ ಪುಣೆದಾಗ ಇದ್ದೇನ್ರಿ, ಸ್ಲ್ಯಾಬ್ ಮ್ಯಾಲ. ಫೋನ್ ನನ್ನ ಕಡಿ ಅದ, ಹುಡುಗ ಊರಾಗ ಅದಾನ. ಏನರೆ ಆಗ್ಯಾದೇನ್ರಿ ಅವಂಗ?" ಎಂದು ಗಾಬರಿಯಾದ. ಸಾಹೇಬರು ಇಲ್ಲ ಎಂದು ಇಟ್ಟರು. ಮೂರನೆಯದನ್ನು ಎತ್ತಿದವನು, "ಗಾಣಗಾಪುರ ಲಾಜ್ ರಿ, ರೂಮ್ ಎಷ್ಟ್ ಮಂದಿಗೆ ಬೇಕು?" ಎಂದು ಕೇಳಿದ. ಈ ಸಲ ಯಾರೂ ಕೆಮ್ಮಲಿಲ್ಲ, ಬಾಯಿ ಬಿಟ್ಟೇ ನಕ್ಕರು.

ಸಾಹೇಬರ ಕಿವಿ ಕೆಂಪಾಯಿತು. ನಾಲ್ಕನೆಯದನ್ನು ಒತ್ತಿದರು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಗಾಳಿಯ ಸದ್ದು, ಹೆಂಗಸರ ಮಾತು, ಒಂದು ಸಣ್ಣ ದನಿ: "ಹಲೋ, ಯಾರ್ರಿ?"

"ನಾನು ಸಾಲಿ ಸಾಹೇಬ. ನಿನ್ನ ಹೆಸರೇನಮ್ಮ?"

"ಸೃಷ್ಟಿ ರಿ."

"ಹಾಂ. ಪಾಠ ಓದಾಕತ್ತೀ ಇಲ್ಲೋ?"

"ಹೊಲದಾಗ ಇದ್ದೇನ್ರಿ. ಕಳಿ ತಗಿಯಾಕತ್ತೇವಿ." ಸ್ವಲ್ಪ ತಡೆದು, "ಸಾಹೇಬ್ರ, ನಮ್ಮ ಗುರುಶಾಂತಮ್ಮ ಟೀಚರ್ ಅಲ್ಲಿ ಅದಾರೇನ್ರಿ? ಅವ್ರಿಗೆ ಆರಾಮ್ ಆಗ್ಯಾದೇನ್ರಿ? ಮೊನ್ನಿ ಬಾರ್ಡರದಾಗ ನನ್ನ ಗುರ್ತಾ ಹಿಡೀಲಿಲ್ರಿ ಅವ್ರು. ಕಣ್ಣು ಪೂರಾ ಕೆಂಪಾಗಿದ್ದುವು. ನಮ್ಮವ್ವ ಅಂದ್ಳು, ಅವ್ರಿಗೆ ಥೋಡೆ ಮಲಗಾಕ ಬಿಟ್ರ ಸಾಕು, ಎಲ್ಲಾ ನೆಪ್ಪ ಬರ್ತದ ಅಂತ."

ಗುರುಶಾಂತಮ್ಮನ ಕಣ್ಣು ತುಂಬಿ ಬಂದವು. ಮೂವರು ಸತ್ತಾಗ ಬಾರದ ಅಳು ಈಗ ಬಂತು, ಅರವತ್ತು ಜನರ ಮುಂದೆ ನಾಚಿಕೆಯಿಲ್ಲದೆ ಅತ್ತಳು. ಫೋನಿನ ಹತ್ತಿರ ಬಾಗಿ, "ಸೃಷ್ಟಿ, ನಾ ಇಲ್ಲೇ ಇದ್ದೇನವ್ವ. ನಿನ್ನ ಹೆಸರು ಇನ್ನ ಮರಿಯಂಗಿಲ್ಲ" ಅಂದಳು.

ಸಾಹೇಬರು ಫೋನು ಕೆಳಗಿಟ್ಟು, ಏನಾದರೂ ಗೆಲ್ಲಬೇಕಲ್ಲ ಎಂದು, "ನೋಡ್ರಿ ಮತ್ತ, ಸಿಕ್ಳಲ್ಲ! ಹಚ್ಚಿದ್ರ ಸಿಗ್ತಾರ" ಅಂದರು.

"ಹೌದ್ರಿ, ಸಿಕ್ಳು" ಎಂದು ಗುರುಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪೆನ್ನು ತೆಗೆದುಕೊಂಡಳು. ಅಂದಿನ ದಿನದ ಏಳನ್ನು ಹೊಡೆದು ಎಂಟು ಎಂದು ಬರೆದಳು, ಕೆಳಗೆ ಸಹಿ ಮಾಡಿದಳು. "ತಪ್ಪು ತಿದ್ದೇನಿ. ನಲವತ್ತೊಂದರಾಗ ಎಂಟು."

"ಮೇಡಂ, ನೋಟಿಸ್ ಕೊಡಬೇಕಾಗ್ತದ ನಾ!"

"ಕೊಡ್ರಿ. ಈ ಅರ್ಜಿ ಟಪಾಲಿನ್ಯಾಗ ಕೊಟ್ಟು ಠಸ್ಸೆ ಹೊಡಿಸಿಕೊಂಡು ಹೊಂಟೇನಿ. ನೀವು ಸಹಿ ಮಾಡಿದ್ರೂ ಅಷ್ಟೇ, ಮಾಡಲಿಲ್ಲಂದ್ರೂ ಅಷ್ಟೇ. ನೋಟಿಸ್ ಬಂದ್ರ ಮೊದಲು ನಿದ್ದಿ ಮುಗಸ್ತೇನಿ, ಆಮ್ಯಾಲ ಜವಾಬ್ ಬರೀತೇನಿ."

ಮೇಜಿನ ಮೇಲಿಂದ ಅರ್ಜಿ ಎತ್ತಿಕೊಂಡು ಬಾಗಿಲಿನ ಕಡೆಗೆ ನಡೆದಳು. ಹಿಂದೆ ಸಾಹೇಬರು ಕಡತ ಮುಚ್ಚಿದ ಸದ್ದು ಕೇಳಿತು. ನಾಲ್ಕನೇ ಶಾಲೆಯ ಹೆಸರು ಕರೆಯುವ ಧೈರ್ಯ ಅವರಿಗೆ ಬರಲಿಲ್ಲ. "ಉಳಿದವರದು ಸರಿ ಇರ್ತದ. ಸಭಾ ಮುಗೀತು, ಹೋಗ್ರಿ ಎಲ್ಲಾರೂ" ಅಂದರು.

ಯಾರೂ ಏಳಲಿಲ್ಲ. ಆಮೇಲೆ ಒಂದು ಕುರ್ಚಿ ನೆಲಕ್ಕೆ ಉಜ್ಜಿತು. ಶರಫುದ್ದೀನ ಎದ್ದು ನಿಂತಿದ್ದ.

"ನಮ್ಮ ಸಾಲಿದು ಕೇಳ್ಲೇ ಇಲ್ಲಲ್ರಿ ಸಾಹೇಬ್ರ."

"ನಿಮ್ದು ನೂರಕ್ಕ ನೂರು ಅದ. ಕೂಡ್ರಿ."

"ಇಲ್ರಿ. ಐವತ್ಮೂರರಾಗ ಒಂಬತ್ತು. ಚಂದ್ರಾಮಪ್ಪ ಸರ್, ಬರ್ಕೋರಿ."

ಚಂದ್ರಾಮಪ್ಪ ಸಾಹೇಬರ ಮುಖ ನೋಡಿದ, ಶರಫುದ್ದೀನನ ಮುಖ ನೋಡಿದ. ಅವನ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಪಟ್ಟಿಯ ಮೇಲೆ ಬಾಗಿದ. ಗುರುಶಾಂತಮ್ಮ ಬಾಗಿಲಲ್ಲಿ ನಿಂತು, ಅವನು ಒಂಬತ್ತು ಎಂದು ಬರೆದು ಮುಗಿಸುವವರೆಗೆ ಕಾದಳು. ಆಮೇಲೆ ರಜೆಯ ಮೇಲೆ ಹೋದಳು.